ಅಪ್ಪನ ಎರಡು ಸೀಟಿನ ಕಾರು ಬಿಚ್ಚಿದ್ದು

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಎಲ್ಲೇ ಕೂತಿರಲಿ, ಏಳುವ ಮುಂಚೆ ಎಡಗೈ ಪಕ್ಕಕ್ಕೆ ಇಳಿಬಿಟ್ಟು, ಅಲ್ಲಿ ಇಲ್ಲದ ಹ್ಯಾಂಡ್ ಬ್ರೇಕನ್ನು ಮೇಲಕ್ಕೆ ಎಳೆಯುತ್ತಿದ್ದರು. ಊಟದ ಮಣೆಯಿಂದ ಏಳುವಾಗ, ಬ್ಯಾಂಕಿನ ಬೆಂಚಿನಿಂದ ಏಳುವಾಗ, ಸಕಲೇಶಪುರದ ಬಸ್ಸಿನಲ್ಲಿ ಸ್ಟಾಪ್ ಬಂದಾಗಲೂ. ಒಂದು ಮದುವೆಯ ಪಂಕ್ತಿಯಲ್ಲಿ ಹಾಗೆ ಎಳೆದಾಗ ಪಕ್ಕದಲ್ಲಿ ಏಳುತ್ತಿದ್ದ ಹಿರಿಯರೊಬ್ಬರ ಪಂಚೆಯ ಅಂಚು ಕೈಗೆ ಸಿಕ್ಕಿತು. ಅರ್ಧ ಎದ್ದವರು ಮತ್ತೆ ಎಲೆಯ ಮುಂದೆ ಕೂತರು. "ಏನ್ರೀ ಇದು?" ಅಂದರೆ ಅಪ್ಪ ಗಂಭೀರವಾಗಿ, "ಜಾಗ ಇಳಿಜಾರು ಐತೆ, ಇರ್ಲಿ ಅಂತ" ಅಂದರಂತೆ.

ಇಂಥವು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. ನಡೆಯುವಾಗ ಯಾರಿಗೂ ನಗು ಬರುವುದಿಲ್ಲ. ಆಮೇಲೆ ಎಂದೋ, ಒಬ್ಬಳೇ ಪಾತ್ರೆ ತೊಳೆಯುವಾಗ ಬರುತ್ತದೆ. ಅದರಲ್ಲೂ ಅಪ್ಪನಿಗೆ ಲಕ್ವ ಹೊಡೆದು ಎಡಗೈ ನಿಂತುಹೋದ ಆ ವರ್ಷ ನಡೆದಷ್ಟು ತಮಾಷೆಗಳು ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆ ನಡೆದಿರಲಿಲ್ಲ. ಅದು ಕಾರು ಬಿಚ್ಚಿದ ವರ್ಷ.

ಕಾರು ಅಂದರೆ ಮನೆಮಂದಿಯೆಲ್ಲ ಹತ್ತುವ ಕಾರಲ್ಲ. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು. ಯಾವುದೋ ಎಸ್ಟೇಟಿನ ದೊರೆ ಊರು ಬಿಡುವಾಗ ಬಿಟ್ಟುಹೋದದ್ದನ್ನು ಅಪ್ಪ ಮದುವೆಗೆ ಮುಂಚೆ ಯಸಳೂರಿನ ನಮ್ಮ ಮನೆಗೆ ತಂದಿದ್ದರು. ನಾನು ಹುಟ್ಟುವ ಹೊತ್ತಿಗೆ ಅದು ಕೊಟ್ಟಿಗೆ ಸೇರಿತ್ತು. ಕೇಳಿಕೊಂಡು ಬಂದವರನ್ನೆಲ್ಲ ಅಪ್ಪ ಬೈದು ಕಳಿಸಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಮಾತ್ರ ಅವರೇ ನನ್ನನ್ನು ಕರೆದು, "ಪುಟ್ಟಿ, ಬೆಂಗಳೂರಿನೋರಿಗೆ ಫೋನ್ ಮಾಡು" ಅಂದರು. ಹಾಗೆ ಕೇಳಿ ಬೈಸಿಕೊಂಡಿದ್ದ ಬೆಂಗಳೂರಿನವರ ಹತ್ತಿರ ಇಂಥದ್ದೇ ಇನ್ನೊಂದು ಕಾರಿತ್ತು. ಅಡಿ ಗಟ್ಟಿಯಾಗಿದ್ದು ಮೇಲೆ ಪಾರ್ಟ್ಸ್ ಇರಲಿಲ್ಲ. ನಮ್ಮದರಲ್ಲಿ ಪಾರ್ಟ್ಸ್ ಇದ್ದು ಅಡಿ ತೂತುಬಿದ್ದಿತ್ತು.

"ಬಿಚ್ಚಿಸ್ತೀರಾ ಅಪ್ಪಾ?" ಅಂದೆ.

"ನಾನಿರೋವಾಗ್ಲೇ ಸ್ಪ್ಯಾನರ್ ಹಾಕಿ ಬಿಚ್ಚಿಸ್ತೀನಿ. ನಾನು ಹೋದ್ಮೇಲೆ ಗುಜರಿಯೋನು ಬಂದು ಕೊಡಲೀಲಿ ಬಿಚ್ತಾನೆ."

ಸ್ವಲ್ಪ ಹೊತ್ತು ಬಿಟ್ಟು, ಅಡುಗೆಮನೆಯ ಕಡೆ ನೋಡುತ್ತ, ಧ್ವನಿ ತಗ್ಗಿಸಿ ಅಂದರು: "ಆದ್ರೆ ಸೀಟು ಕಡೇಗೆ. ಅದು ಹೋಗೋದ್ರೊಳಗೆ ನಿಮ್ಮಮ್ಮ ಒಂದ್ಸಲ ಅದ್ರಲ್ಲಿ ಕೂರ್ಬೇಕು. ಅಷ್ಟೇಯ."

ಅಷ್ಟೇ ಅಂದದ್ದು ಅಷ್ಟು ಸುಲಭವಾಗಿರಲಿಲ್ಲ.

ನಾಟಾ ಲಾರಿ

ಅಮ್ಮ ಆ ಕಾರಿನಲ್ಲಿ ಕೂತದ್ದು ಜೀವನದಲ್ಲಿ ಒಂದೇ ಸಲ. ಮದುವೆಯಾದ ಹೊಸತು. ಬಿಸಿಲೆ ಕಡೆ ಬೆಟ್ಟ ತೋರಿಸಿಕೊಂಡು ಬರುತ್ತೇನೆ ಅಂತ ಅಪ್ಪ ರೇಷ್ಮೆ ಸೀರೆ ಉಡಿಸಿ ಕರೆದುಕೊಂಡು ಹೋದರು. ವಾಪಸ್ ಬರುವಾಗ ಕಾಡಿನ ಮಧ್ಯೆ, ಏರಿನಲ್ಲಿ ಕಾರು ನಿಂತಿತು. ಅಪ್ಪ ಸ್ಟಿಯರಿಂಗ್ ಹಿಡಿಯಬೇಕಲ್ಲ, ಹಾಗಾಗಿ ಇಳಿದು ತಳ್ಳಬೇಕಾದವಳು ಮದುಮಗಳು. ತಳ್ಳಿದಳು. ಏರು ಮುಗಿದು ಇಳುಕಲು ಬಂದಾಗ ಕಾರು ಒಮ್ಮೆ ಕೆಮ್ಮಿ ಶುರುವಾಯಿತು.

ಶುರುವಾದದ್ದು ನಿಲ್ಲಲಿಲ್ಲ. ನಿಲ್ಲಿಸಿದರೆ ಮತ್ತೆ ಆಫ್ ಆಗುತ್ತದೆ ಅಂತ ಅಪ್ಪನಿಗೆ ಹೆದರಿಕೆ. ಸ್ವಲ್ಪ ಮುಂದೆ ಸಮ ಜಾಗ ಸಿಕ್ಕಿದರೆ ನಿಲ್ಲಿಸುತ್ತೇನೆ ಅಂದುಕೊಂಡರು. ನಮ್ಮ ಕಡೆ ಸಮ ಜಾಗ ಎಲ್ಲಿ ಸಿಗುತ್ತದೆ?

ಹಿಂದೆ ಉಳಿದ ಅಮ್ಮ ಸೀರೆ ಎತ್ತಿ ಕಟ್ಟಿಕೊಂಡು ನಡೆದಳು. ಹಿಂದಿನಿಂದ ಬಂದ ಮರದ ನಾಟಾ ತುಂಬಿದ ಲಾರಿಯೊಂದು ನಿಂತು ಹತ್ತಿಸಿಕೊಂಡಿತು. ದಾರಿಯಲ್ಲಿ ಲಾರಿ ಡ್ರೈವರ್, "ಅದ್ಯಾವನೋ ಮಾರಾಯ, ಸರ್ಕಸ್ ಕಾರು ರಸ್ತೆ ಮಧ್ಯ ನಿಲ್ಸ್ಕಂಡು ಬಾನೆಟ್ಟಿನೊಳಗೆ ತಲೆ ಹಾಕವ್ನೆ!" ಅಂತ ಬೈದು ಪಕ್ಕಕ್ಕೆ ತೆಗೆದುಕೊಂಡು ಮುಂದೆ ಹೋದ. ಅಮ್ಮ, "ಯಾರೋ ಏನೋ, ನೀವು ಹೋಗಿ" ಅಂದಳಂತೆ.

ಅಪ್ಪ ಮನೆಗೆ ಬಂದಾಗ ಅಮ್ಮ ಸ್ನಾನ ಮುಗಿಸಿ ಊಟ ಮಾಡುತ್ತಿದ್ದಳು. ಇನ್ನು ಆ ಕಾರು ಹತ್ತಲ್ಲ ಅಂತ ಆವತ್ತು ಮಾಡಿದ ಶಪಥ ಆಮೇಲೆ ಮುರಿಯಲಿಲ್ಲ. ಅಪ್ಪನ ಕೈ ಕಂಡಕಂಡಲ್ಲಿ ಬ್ರೇಕ್ ಎಳೆಯಲು ಶುರುಮಾಡಿದ್ದೂ ಆವತ್ತಿನಿಂದಲೇ ಅಂತ ಅಮ್ಮನ ಲೆಕ್ಕ. "ಎಳೀಬೇಕಾದ ದಿನ ಎಳೀಲಿಲ್ಲ, ಈಗ ಊರಿನ ಕುರ್ಚಿಗೆಲ್ಲ ಎಳೀತಾರೆ."

ನಿಂಬೆಹಣ್ಣು

ಬಿಚ್ಚಲು ಒಪ್ಪಿಕೊಂಡವನು ಸಕಲೇಶಪುರದ ಮೆಕ್ಯಾನಿಕ್. ಜೀಪು, ಕಾಫಿಹಣ್ಣು ಸುಲಿಯುವ ಪಲ್ಪರ್, ಸ್ಪ್ರೇ ಪಂಪು ಎಲ್ಲಕ್ಕೂ ಅವನೇ. ಮಾತು ಬಹಳ, ಭಯಭಕ್ತಿ ಅದಕ್ಕಿಂತ ಬಹಳ. ಮೊದಲ ದಿನ ಬಂದವನು ಟೂಲ್ ಬಾಕ್ಸ್ ತೆಗೆಯಲೇ ಇಲ್ಲ. ಚೀಲದಿಂದ ನಾಲ್ಕು ನಿಂಬೆಹಣ್ಣು ತೆಗೆದ.

"ಅದು ಹೊಸ ಗಾಡಿಗೆ ಅಲ್ವೇನೋ?" ಅಂದಳು ಅಮ್ಮ.

"ಯಾವ ಗಾಡಿಯಾದ್ರೂ ಗಾಡಿನೇ ಅಮ್ಮಾವ್ರೇ. ದೃಷ್ಟಿ ತೆಗೀದೆ ನಾನು ಒಂದ್ ನಟ್ಟೂ ಮುಟ್ಟಲ್ಲ. ಚಕ್ರ ಹತ್ತಿ ನಿಂಬೆಹಣ್ಣು ಒಡೀಬೇಕು, ಆಮೇಲೆ ಸ್ಪ್ಯಾನರ್."

ಓಡದ ಕಾರಿನ ಚಕ್ರ ನಿಂಬೆಹಣ್ಣು ಹತ್ತುವುದು ಹೇಗೆ? ಗಾಳಿ ಹೊಡೆದು ತಳ್ಳುವುದು ಅಂತ ತೀರ್ಮಾನವಾಯಿತು. ಮೆಕ್ಯಾನಿಕ್, ತೋಟದ ಇಬ್ಬರು ಆಳುಗಳು, ನಾನು. ಅಮ್ಮನನ್ನು ಕರೆದರೆ, "ಒಂದ್ಸಲ ತಳ್ಳಿದ್ದು ಸಾಕು" ಅಂದು ಜಗಲಿಯ ಮೇಲೇ ನಿಂತಳು. ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತು, "ಬ್ರೇಕ್ ಎಳ್ದೇ ಐತೆ ನೋಡ್ರೋ, ಮೊದ್ಲು ಬಿಡ್ರಿ" ಅಂದರು. ಮೆಕ್ಯಾನಿಕ್ ಬ್ರೇಕ್ ಬಿಟ್ಟ.

ನಾವು ತಳ್ಳಿದೆವು. ಅಷ್ಟು ವರ್ಷ ಅಲುಗದ ಕಾರು ಕೊಟ್ಟಿಗೆಯ ಹೊಸ್ತಿಲು ದಾಟಿ, ನಾಲ್ಕೂ ನಿಂಬೆಹಣ್ಣನ್ನು ಪಚಕ್ಕನೆ ಒಡೆದು, ನಮ್ಮ ಕೈಯಿಂದಲೂ ತಪ್ಪಿಸಿಕೊಂಡು ಅಂಗಳದ ಇಳಿಜಾರಿನಲ್ಲಿ ತಾನೇ ಹೊರಟಿತು. ಮೆಕ್ಯಾನಿಕ್ ಪಕ್ಕದಲ್ಲೇ ಓಡಿ ಕೈ ಹಾಕಿ ಬ್ರೇಕ್ ಎಳೆದ. ಹಿಡಿಯಲಿಲ್ಲ. ಕೇಬಲ್ ತುಕ್ಕು ಹಿಡಿದು ಎಂದೋ ತುಂಡಾಗಿತ್ತು.

ಆಗ ನಾನು ಯಾಕೋ ಕಾರನ್ನು ಬಿಟ್ಟು ಅಪ್ಪನನ್ನು ನೋಡಿದೆ. ಅವರ ಭುಜ ಎಡಕ್ಕೆ ವಾಲಿತ್ತು. ಕೈ ಮಾತ್ರ ಮಡಿಲಲ್ಲೇ ಇತ್ತು.

ಕಾರು ಗೊಬ್ಬರದ ಗುಂಡಿಗೆ ಮೂಗು ಇಟ್ಟು ನಿಂತಿತು. ಮೆಕ್ಯಾನಿಕ್ ಬೆವರು ಒರೆಸಿಕೊಂಡು, ನಿಂಬೆಹಣ್ಣಿನ ಸಿಪ್ಪೆ ಎತ್ತಿ ತೋರಿಸಿ ಹೇಳಿದ: "ನೋಡಿದ್ರಾ ಸಾಹುಕಾರ್ರೇ, ಏನ್ ದೃಷ್ಟಿ ಇತ್ತು ಅಂತ! ಒಡೀದೆ ಇದ್ದಿದ್ರೆ ಏನೇನ್ ಅನಾಹುತ ಆಗ್ತಿತ್ತೋ!"

ಬಾನೆಟ್

ಜೀಪಿಗೆ ಹಗ್ಗ ಕಟ್ಟಿ ಎಳೆಸಿ, ತೊಳೆದು, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನಿಲ್ಲಿಸಿದ ಮೇಲೆ ಮೊದಲು ಬಿಚ್ಚಿದ್ದು ಬಾನೆಟ್. ಉದ್ದಕ್ಕೆ, ಹಲಸಿನ ಹಲಗೆಯ ಹಾಗೆ ಇತ್ತು. ಅದನ್ನು ಕಣದಲ್ಲಿ ಮಲಗಿಸಿ ಮೆಕ್ಯಾನಿಕ್ ಊಟಕ್ಕೆ ಕೂತ. ಎದ್ದು ಬರುವಷ್ಟರಲ್ಲಿ ಅಮ್ಮ ಅದರ ತುಂಬ ಕಾಳುಮೆಣಸು ಹರಡಿದ್ದಳು.

"ಕಬ್ಬಿಣ ಚೆನ್ನಾಗಿ ಕಾಯ್ತದೆ ಕಣೇ" ಅಂದಳು ನನಗೆ. ನಿಜ. ಬೇರೆ ಮೆಣಸೆಲ್ಲ ಇನ್ನೂ ಮೆತ್ತಗಿರುವಾಗಲೇ ಬಾನೆಟ್ಟಿನ ಮೆಣಸು ಗಲಗಲ ಅಂತು. ಮಾರನೆಯ ದಿನ ಅಮ್ಮ ಕಾರಿನ ಹತ್ತಿರ ಹೋಗಿ, ಬಾಗಿಲು ತಟ್ಟಿ ನೋಡಿ, "ಈ ಬಾಗಿಲ್ನ ಯಾವಾಗ ಬಿಚ್ತೀಯೋ?" ಅಂತ ಮೆಕ್ಯಾನಿಕ್ಕನ್ನು ಕೇಳಿದಳು. ಅಪ್ಪನ ಮುಖ ಅರಳಿತು. ಇಷ್ಟು ವರ್ಷಕ್ಕೆ ಮೊದಲ ಸಲ ಅವಳು ಕಾರನ್ನು ಮುಟ್ಟಿದ್ದಳು.

ಫೋನ್ ಬಂದರೆ ನನ್ನನ್ನೇ ನೂಕುತ್ತಿದ್ದರು. ಇಂಗ್ಲಿಷ್ ಮೀಡಿಯಂ ಓದಿದವಳು ನಾನೊಬ್ಬಳೇ. ಬೆಂಗಳೂರಿನವರು ಬಾನೆಟ್ ಹೇಗಿದೆ, ತುಕ್ಕು ಇದೆಯಾ, ತಗ್ಗು ಬಿದ್ದಿದೆಯಾ ಅಂತೆಲ್ಲ ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲಕ್ಕೂ ಇಲ್ಲ, ಇಲ್ಲ ಅಂದೆ. ಸುಳ್ಳು ಹೇಳಬಾರದು ಅಂತ ಕೊನೆಗೆ ಒಂದು ಮಾತು ಸೇರಿಸಿದೆ: "ಸರ್, ಸ್ವಲ್ಪ ಘಾಟು ಇದೆ."

ಕಾಫಿ ಕುಡಿಯದ ಮಾವ

ಕಾರಿನ ಜೊತೆ ಬಂದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಯಾವ ಭಾಗ ಹೇಗೆ ಬಿಚ್ಚುವುದು ಅಂತ ಚಿತ್ರ ಸಹಿತ. ನಾನು ಓದಿ ಕನ್ನಡದಲ್ಲಿ ಹೇಳುವುದು, ಮೆಕ್ಯಾನಿಕ್ ಅದನ್ನು ಬಿಟ್ಟು ಬೇರೆ ಥರ ಮಾಡುವುದು. ಒಂದೊಂದು ಭಾಗ ಮುಗಿದಾಗಲೂ ಅಪ್ಪ, "ಇನ್ನು ಜೋಡಿಸೋದು ಹೆಂಗೆ, ಓದು" ಅನ್ನುತ್ತಿದ್ದರು.

"ಜೋಡಿಸಲ್ವಲ್ಲ ಅಪ್ಪಾ."

"ಓದೇ ಪುಟ್ಟಿ."

ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಇಂಜಿನ್ ಇಳಿಸಿದ ದಿನ ಬೆಳಗ್ಗೆ ಮಂಜು ಕವಿದಿತ್ತು. ಹಲಸಿನ ಮರದ ಕೊಂಬೆಗೆ ಚೈನು ಕಟ್ಟಿ ಎತ್ತಿ, ಜಗಲಿಯ ಮೇಲೆ ಅಪ್ಪನ ಹಳೆಯ ಬಿಳಿ ಪಂಚೆ ಹಾಸಿ ಅದರ ಮೇಲೆ ಮಲಗಿಸಿದರು. ಸಣ್ಣ ನಟ್ಟು ಬೋಲ್ಟು ಕಳೆಯಬಾರದಲ್ಲ, ಅದಕ್ಕೆ ಪಂಚೆ. ಮಂಜಿನಲ್ಲಿ ಎಲ್ಲರೂ ಸುಮ್ಮನೆ ಸುತ್ತ ಕೂತಿದ್ದೆವು.

ಆಗ ಪಕ್ಕದ ತೋಟದ ಮಾವ ಬಂದರು. ಅಪ್ಪನ ಜೊತೆ ಓದಿದವರು. ವಯಸ್ಸಿನಲ್ಲಿ ಈ ಕಾರಿಗೆ ಅವರೂ ಆಸೆಪಟ್ಟಿದ್ದರಂತೆ. ಸುದ್ದಿ ಕೇಳಿಯೇ ಬಂದಿದ್ದರು. ಜೀಪು ಗೇಟಿನಾಚೆಯೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ತಲೆಯ ಟೋಪಿ ತೆಗೆದು, ಪಂಚೆಯ ಪಕ್ಕ ಕೂತರು. ಬಹಳ ಹೊತ್ತು ಇಂಜಿನ್ನನ್ನೇ ನೋಡಿದರು.

"ಒಳ್ಳೇದಿತ್ತು" ಅಂದರು ಕೊನೆಗೆ. "ತಾನಾಯ್ತು, ತನ್ನ ಕೊಟ್ಟಿಗೆ ಆಯ್ತು. ಯಾರಿಗೂ ತೊಂದ್ರೆ ಕೊಟ್ಟಿದ್ದಲ್ಲ."

ಬಾಗಿಲಲ್ಲಿ ನಿಂತಿದ್ದ ಅಮ್ಮ ಕೆಮ್ಮಿದಳು.

"ನಮ್ಮ ಕೈಲೇನೈತೆ" ಅಂದರು ಮಾವ. "ಒಂದಿನ ಎಲ್ರೂ ಹೋಗೋರೇ. ನರಳ್ದೆ ಹೋಯ್ತಲ್ಲ, ಅದೇ ಪುಣ್ಯ."

ಅಮ್ಮ ಕಾಫಿ ತಂದಳು. ಮಾವ ಕೈ ಅಡ್ಡ ಹಿಡಿದು, "ಈಗ ಬೇಡಮ್ಮಾ" ಅಂದರು. ಸಾವಿನ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ. ಹಾಗೇ ಎದ್ದರು. ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ "ಬರ್ತೀನಿ" ಅನ್ನದೆ ಹೋಗುವುದಿಲ್ಲ. ಸಾವಿನ ಮನೆಯಲ್ಲಿ ಮಾತ್ರ ಹಾಗನ್ನಬಾರದು. ಮಾವ ಏನೂ ಅನ್ನದೆ, ಹಿಂದೆ ತಿರುಗದೆ ಮೆಟ್ಟಿಲಿಳಿದರು.

ಅಪ್ಪ ನನ್ನ ಕಡೆ ಬಾಗಿ, "ಬರ್ತೀನಿ ಅನ್ಲಿಲ್ಲ ನೋಡಿದ್ಯಾ?" ಅಂದರು. "ನನಗೂ ಇದನ್ನೇ ಹೇಳ್ತಾನೆ. ಒಂದಕ್ಷರ ಬದ್ಲಾಯ್ಸಲ್ಲ. ಆಗ ನನಗೆ ಕೇಳ್ಸಲ್ಲ, ಈಗ್ಲೇ ಕೇಳಿದ್ದಾಯ್ತು."

ನಾನು ತಲೆ ತಗ್ಗಿಸಿ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತಿಕ್ಕುತ್ತಲೇ ಇದ್ದೆ. ಮಾವ ಗೇಟಿನ ಹತ್ತಿರ ಹೋಗಿದ್ದರು. ಅಪ್ಪ ಇದ್ದಬದ್ದ ಧ್ವನಿಯನ್ನೆಲ್ಲ ಕೂಡಿಸಿ ಕೂಗಿದರು:

"ಏಯ್, ಕಾಫಿ ಕುಡ್ಕಂಡು ಹೋಗೋ ಮಾರಾಯ! ಗೇರ್ ಬಾಕ್ಸಲ್ಲಿ ಇನ್ನೂ ಜೀವ ಐತೆ!"

ಕಾವಿಗೆ ಕೂತ ಕೋಳಿ

ಇಂಜಿನ್ ಇಳಿಯಿತು, ಗೇರ್ ಬಾಕ್ಸ್ ಇಳಿಯಿತು, ದೀಪ ಕಳಚಿದವು, ಬಾಗಿಲು ಕಳಚಿ ಅಮ್ಮನ ಮೆಣಸಿನಡಿ ಸೇರಿದವು. ಚಕ್ರ ತೆಗೆದು ಕಲ್ಲಿನ ಮೇಲೆ ಕೂರಿಸಿದರು. ಉಳಿದದ್ದು ಎರಡು ಸೀಟು, ಸ್ಟಿಯರಿಂಗ್, ಮತ್ತೆ ಕೇಬಲ್ ಇಲ್ಲದ ಆ ಹ್ಯಾಂಡ್ ಬ್ರೇಕ್. ಅದನ್ನು ಬೆಂಗಳೂರಿನವರು ಕೇಳಿರಲಿಲ್ಲ. ಅಪ್ಪನೂ ಮುಟ್ಟಲು ಬಿಟ್ಟಿರಲಿಲ್ಲ.

ದಿನಾ ಸಂಜೆ ಅಪ್ಪ ಅಮ್ಮನನ್ನು ಕೇಳುತ್ತಿದ್ದರು. ಮಾತಿನಲ್ಲಿ ಅಲ್ಲ. "ಇವತ್ತು ಗಾಳಿ ಚೆನ್ನಾಗೈತೆ" ಅನ್ನುವುದು. ಕಾರಿನ ಕಡೆ ನೋಡುವುದು. ಅಮ್ಮ, "ಶಾಲು ಹೊದ್ಕಳಿ" ಅಂದು ಒಳಗೆ ಹೋಗುವುದು.

ಸೀಟು ಬಿಚ್ಚುವುದು ಅಂತ ಆದ ದಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಹೋದವನು ಹಾಗೇ ಓಡಿಬಂದ. ಕೈಯಲ್ಲಿ ರಕ್ತ. ಅಮ್ಮನ ಕೆಂಪು ಹೇಂಟೆ ಕೋಳಿ ಎಡಗಡೆಯ ಸೀಟಿನಲ್ಲಿ ಕಾವಿಗೆ ಕೂತಿತ್ತು. ಕುಕ್ಕಿತ್ತು.

"ಬೇರೆ ಕಡೆ ಕೂರ್ಸಿ ಅಮ್ಮಾವ್ರೇ."

"ಕಾವಿಗೆ ಕೂತ ಕೋಳಿ ಎಬ್ಬಿಸ್ತಾರೇನೋ? ಮೊಟ್ಟೆ ಎಲ್ಲ ಕೆಡ್ತವೆ. ಮರಿ ಆಗ್ಲಿ, ಆಮೇಲೆ ಬಾ."

ಅಪ್ಪ ನಿಟ್ಟುಸಿರು ಬಿಟ್ಟು, "ಆ ಕೋಳಿಗಿರೋ ಧೈರ್ಯ ನಿಮ್ಮಮ್ಮಂಗಿಲ್ಲ ನೋಡು" ಅಂದರು.

ಆ ದಿನ ಬೆಳಗಿನ ಜಾವ ಹಲ್ಲುಜ್ಜಲು ಹಿತ್ತಲಿಗೆ ಬಂದವಳು ಮಂಜಿನಲ್ಲಿ ಅಮ್ಮನನ್ನು ನೋಡಿದ್ದೆ. ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು, ಕಂಕುಳಲ್ಲಿ ಕೋಳಿ ಇರುಕಿಕೊಂಡು ಕಣದ ಕಡೆ ಹೋಗುತ್ತಿದ್ದಳು. ಸೀಟಿಗೆ ಹುಲ್ಲು ಹಾಸಿ, ಮೊಟ್ಟೆ ಒಂದೊಂದಾಗಿ ಇಟ್ಟು, ಕೋಳಿಯನ್ನು ಅದರ ಮೇಲೆ ಒತ್ತಿ ಕೂರಿಸಿ, "ಏಳ್ಬೇಡ, ಏಳ್ಬೇಡ" ಅನ್ನುತ್ತ ಬಹಳ ಹೊತ್ತು ಬಗ್ಗಿ ನಿಂತಿದ್ದಳು. ಸೀಟು ಹೋದರೆ ಇನ್ನು ಅಪ್ಪನಿಗೆ ಕಾಯಲು ಏನೂ ಉಳಿಯುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಬೆಂಗಳೂರಿಗೆ ಫೋನ್ ಮಾಡಿ, ಸೀಟು ತಡವಾಗುತ್ತದೆ, ಅದರ ಮೇಲೆ ಕೋಳಿ ಕೂತಿದೆ ಅಂತ ನಾನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಮೊದಲ ವಾರ ಅವರು ಸಿಟ್ಟಿನಲ್ಲಿದ್ದರು. ಎರಡನೆಯ ವಾರ ಕೋಳಿಗೆ ನೀರು ಎಲ್ಲಿಡುತ್ತೀರಿ ಅಂತ ಕೇಳಿದರು. ಮೂರನೆಯ ವಾರ ಫೋನೆತ್ತಿದ ಕೂಡಲೇ ಕಾರಿನ ಸುದ್ದಿಯೇ ಇಲ್ಲ: "ಮರಿ ಎಷ್ಟು?"

ಮತ್ತೆ ಬಿಸಿಲೆಗೆ

ಮರಿಯಾದವು. ಪಿಕಪ್ ಬಂತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ತುಂಬಿದರು. ಬಾನೆಟ್ಟಿನಿಂದ ಮೆಣಸು ಕೊಡವಿದರು. ಸೀಟು, ಸ್ಟಿಯರಿಂಗ್ ಎರಡೇ ಬಾಕಿ. ಮೆಕ್ಯಾನಿಕ್ ಸ್ಪ್ಯಾನರ್ ತರಲು ಹೋಗಿ ಬರುವಷ್ಟರಲ್ಲಿ ಅಪ್ಪ ಕೋಲೂರಿಕೊಂಡು ಕಣ ದಾಟಿ, ಒಂದು ಕಾಲು, ಆಮೇಲೆ ಕೈಯಿಂದ ಎತ್ತಿ ಇನ್ನೊಂದು ಕಾಲು ಇಟ್ಟು, ಕಾರಿನೊಳಗೆ ಕೂತಿದ್ದರು. ಶಾಲು ಹೊದ್ದಿದ್ದರು. ಬಲಗೈ ಸ್ಟಿಯರಿಂಗ್ ಮೇಲಿತ್ತು. ಎದುರಿಗೆ ಬಾನೆಟ್ ಇಲ್ಲ, ಇಂಜಿನ್ ಇಲ್ಲ, ತೂತಿನಾಚೆ ಕಾಫಿ ಗಿಡ ಕಾಣುತ್ತಿತ್ತು.

ಪಿಕಪ್ ಡ್ರೈವರ್ ಮೆಕ್ಯಾನಿಕ್ಕಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಯಜಮಾನ್ರು ಎಲ್ಲಿಗೆ ಹೊಂಟವ್ರೆ?"

"ಬಿಸಿಲೆಗೆ."

ಡ್ರೈವರ್ ಬಗ್ಗಿ ಚಕ್ರ ಇರಬೇಕಾದ ಕಡೆ ನೋಡಿದ. ಕಲ್ಲು. "ಮತ್ತೆ ಇಂಜಿನ್ನು?"

"ನಿನ್ನ ಪಿಕಪ್‌ನಾಗೈತೆ."

"ಹಂಗಾದ್ರೆ ನಾನ್ ಮುಂದೆ ಹೋಗ್ಲೋ, ಅವ್ರು ಮುಂದೆ ಹೋಗ್ತಾರೋ?"

ಮೆಕ್ಯಾನಿಕ್ ಉತ್ತರ ಕೊಡುವ ಬದಲು ಚೀಲಕ್ಕೆ ಕೈ ಹಾಕಿದ. ಅವನ ಹತ್ತಿರ ಇನ್ನೊಂದು ನಿಂಬೆಹಣ್ಣಿತ್ತು. ಎಲ್ಲಿ ಇಡುವುದು ಅಂತ ಸುತ್ತ ನೋಡಿ, ಚಕ್ರವಿಲ್ಲದ್ದಕ್ಕೆ ಕಲ್ಲಿನ ಪಕ್ಕದಲ್ಲೇ ಇಟ್ಟ. ಆಳುಗಳು ಬಾಯಿಗೆ ಟವೆಲ್ ಒತ್ತಿಕೊಂಡರು. ನಾನೂ ತಿರುಗಿ ನಿಂತೆ.

ಅಮ್ಮ ಕೋಳಿಮರಿಗಳ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹಿತ್ತಲಿನಿಂದ ಬಂದವಳು ಕಣದ ಅಂಚಿನಲ್ಲಿ ನಿಂತಳು. ಮರಿಗಳು ಚಿಂವ್ ಚಿಂವ್ ಅನ್ನುತ್ತಿದ್ದವು. ಎಡಗಡೆಯ ಸೀಟಿನ ಮೇಲೆ ಒಂದಷ್ಟು ಹುಲ್ಲು ಇನ್ನೂ ಉಳಿದಿತ್ತು. ಅಪ್ಪ ಬಲಗೈಯನ್ನು ಮೈಗಡ್ಡ ಚಾಚಿ ಆ ಹುಲ್ಲನ್ನು ಗುಡಿಸಲು ನೋಡಿದರು. ಅರ್ಧ ಗುಡಿಸಿದರು.

"ಬ್ರೇಕ್ ಎಳ್ದೇ ಐತೆ ಕಣೇ" ಅಂದರು, ಎದುರಿಗೇ ನೋಡುತ್ತ. "ನನ್ನ ಕೈಲಿ ಇನ್ನಾಗಲ್ಲ. ನೀನೇ ಪಕ್ಕದಲ್ಲಿ ಕೂತು ಬಿಡ್ಬೇಕು."

ಅಮ್ಮ ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಪಿಕಪ್ ಡ್ರೈವರ್ ಗಡಿಯಾರ ನೋಡಿಕೊಂಡು, ನೋಡಿದ್ದು ತಪ್ಪಾಯಿತೇನೋ ಎಂಬಂತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬಾರೇ" ಅಂದರು ಅಪ್ಪ. "ಈ ಸಲ ನೀನು ಹತ್ತೋಗಂಟ ಹೊರಡಲ್ಲ."